ಎರಡು ಯೂನಿಟ್ ಮೊದಲೇ ಬಂದ ಸಪ್ಪಳ

ಇನ್ಸುಲಿನ್ ಪೆನ್ನಿನ ಗುಂಡಿಯನ್ನು ಕೊನೆಯವರೆಗೆ ಒತ್ತಿದಾಗ ಬರುವ ಸಪ್ಪಳಕ್ಕೆ ನಮ್ಮ ಕಾರ್ಖಾನೆಯಲ್ಲಿ ಒಂದು ಅಡ್ಡಹೆಸರಿತ್ತು. ಜೋಡಣೆಯ ಸಾಲಿನಲ್ಲಿ ಕೂರುವ ಹೆಂಗಸರು ಅದನ್ನು ‘ಝಾಲಂ’ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ‘ಮುಗೀತು’. ಪೆನ್ನಿನ ಹಿಂದಿನ ತಿರುಗಣೆಯನ್ನು ತಿರುಗಿಸಿ ಎಷ್ಟು ಯೂನಿಟ್ ಬೇಕೋ ಅಷ್ಟಕ್ಕೆ ಹೊಂದಿಸುವಾಗ ಯೂನಿಟ್ಟಿಗೊಂದು ಸಣ್ಣ ಸದ್ದು ಬರುತ್ತದೆ. ಒತ್ತುವಾಗಲೂ ಅಷ್ಟೇ, ಅಂಕಿಗಳು ಒಂದೊಂದೇ ಇಳಿಯುತ್ತ ಬರುತ್ತವೆ. ಕಿಟಕಿಯಲ್ಲಿ ಸೊನ್ನೆ ಕಂಡಾಗ ಮಾತ್ರ ದಪ್ಪನೆಯ ಒಂದು ಟಕ್. ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ಕಣ್ಣು ಮಂಜಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಅಂಥವರಿಗೆ ಔಷಧಿ ಪೂರ್ತಿ ಹೋಯಿತೆಂದು ಹೇಳುವುದು ಆ ಟಕ್ ಒಂದೇ.

ಪೆನ್ನಿನ ವಿನ್ಯಾಸ ನನ್ನ ಕೆಲಸ, ಆ ಟಕ್ ನನ್ನ ಕೈಯಿಂದ ಆದದ್ದು. ಒಳಗೆ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ನಾಲಿಗೆಯೊಂದು ಹಲ್ಲಿನ ಮೇಲಿಂದ ಜಾರಿ ಬಿದ್ದಾಗ ಅದು ಹುಟ್ಟುತ್ತದೆ. ನಾಲಿಗೆ ತೆಳುವಾದರೆ ಸದ್ದು ಕೇಳಿಸದು, ದಪ್ಪವಾದರೆ ಗುಂಡಿ ಒತ್ತಲಾಗದು. ಎಂಟು ತಿಂಗಳು ಅದರ ಹಿಂದೆ ಬಿದ್ದಿದ್ದೆ. ಸ್ಪಂಜು ಹೊದಿಸಿದ ಪೆಟ್ಟಿಗೆಯಲ್ಲಿ ಮೈಕ್ ಇಟ್ಟು ನೂರಾರು ಸಲ ಅಳೆದೆ. ಪಕ್ಕದ ಸೊಸೈಟಿಯ ಅಜ್ಜ ಅಜ್ಜಿಯರನ್ನು ಕರೆದು, ಚಹಾ ಕುಡಿಸಿ, ಫ್ಯಾನು ಟಿವಿ ಎರಡೂ ಹಚ್ಚಿ, ಕೇಳಿಸಿತೇ ಎಂದು ವಿಚಾರಿಸಿದೆ. ಒಬ್ಬ ಅಜ್ಜ, ನನ್ನ ಹೆಂಡತಿಯ ಮಾತಿಗಿಂತ ಸ್ಪಷ್ಟವಾಗಿದೆ ಎಂದು ಮರಾಠಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ. ಆ ದಿನ ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮೊದಲ ದೂರು ಬಂದದ್ದು ಮಳೆಗಾಲದಲ್ಲಿ, ಊರಿನ ಇನ್ನೊಂದು ತುದಿಯ ಕಾತ್ರಜದ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಿಂದ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಪೆನ್ನು, ಜೊತೆಗೆ ತುಂಬಿದ ಒಂದು ನಮೂನೆ. ರೋಗಿ ಹೆಂಗಸು, ಅರವತ್ತರ ಆಸುಪಾಸು. ಸಕ್ಕರೆ ಹತೋಟಿಗೆ ಬರುತ್ತಿಲ್ಲ, ಪೆನ್ನು ಸರಿಯಾಗಿ ಔಷಧಿ ಹಾಕುತ್ತಿಲ್ಲವೆಂಬ ಅನುಮಾನ. ದೂರಿನ ಪರೀಕ್ಷೆಯೂ ನನ್ನದೇ ಕೆಲಸ, ಅದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಕ್ರಮವಿದೆ. ಮೊದಲು ಭೂತಗನ್ನಡಿಯಲ್ಲಿ ನೋಡುವುದು, ಆಮೇಲೆ ತಿರುಗಣೆಯ ಬಿಗಿ ಅಳೆಯುವುದು, ಕೊನೆಗೆ ಪೆನ್ನನ್ನು ಯಂತ್ರದ ಹಿಡಿಕೆಗೆ ಸಿಕ್ಕಿಸಿ ಡೋಸ್ ಹಾಕಿಸಿ ಸೂಕ್ಷ್ಮ ತಕ್ಕಡಿಯಲ್ಲಿ ಹನಿಗಳನ್ನು ತೂಗುವುದು. ಕನಿಷ್ಠ, ನಡುವಣ, ಗರಿಷ್ಠ ಡೋಸುಗಳು. ಒಂದೊಂದೂ ಇಪ್ಪತ್ತು ಸಲ.

ಭೂತಗನ್ನಡಿಯಲ್ಲಿ ನೋಡುವಾಗ ತಿರುಗಣೆಯ ಗೀರುಗಳಲ್ಲಿ ಬಿಳಿ ಪುಡಿ ಕಂಡಿತು. ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ವಿಜಯಪುರದಲ್ಲಿ ಹುಟ್ಟಿದವಳಿಗೆ ಜೋಳದ ಹಿಟ್ಟಿನ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ. ಯಾರೋ ನಮ್ಮ ಕಡೆಯವರು, ರೊಟ್ಟಿ ಬಡಿಯುವ ಕೈಯಲ್ಲೇ ಇಂಜೆಕ್ಷನ್ ಮಾಡಿಕೊಂಡಿದ್ದಾರೆ ಎಂದುಕೊಂಡು ಒಳಗೊಳಗೇ ನಕ್ಕೆ. ವರದಿಯಲ್ಲಿ ‘ಹೊರಗಿನ ಪುಡಿ ಇತ್ತು, ಒರೆಸಲಾಯಿತು’ ಎಂದು ಬರೆದೆ. ಇದನ್ನು ನೆನೆದಾಗಲೆಲ್ಲ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು ಪ್ರಶ್ನೆ, ಇದನ್ನು ಒತ್ತುವ ಕೈ ಎಂಥದು ಎಂಬುದು, ಆಗ ನನ್ನ ಬೆರಳ ತುದಿಯಲ್ಲಿತ್ತು. ಅದನ್ನು ನಾನು ಬಟ್ಟೆಯಲ್ಲಿ ಒರೆಸಿ ಎಸೆದೆ.

ಯಂತ್ರದಲ್ಲಿ ಪೆನ್ನು ಅರವತ್ತಕ್ಕೆ ಅರವತ್ತೂ ಸಲ ಪಾಸಾಯಿತು. ತೂಕ ಸರಿ, ಸಪ್ಪಳ ಸೊನ್ನೆಯಲ್ಲೇ. ದೋಷ ಕಂಡುಬಂದಿಲ್ಲ ಎಂದು ಬರೆದೆ. ಕಾರಣದ ಕಾಲಂ ಖಾಲಿ ಬಿಡುವಂತಿಲ್ಲವಾದ್ದರಿಂದ, ಸಪ್ಪಳವಾದ ಮೇಲೆ ಹತ್ತು ಎಣಿಸುವವರೆಗೆ ಸೂಜಿಯನ್ನು ಒಳಗೇ ಇಡಬೇಕೆಂಬ ಸೂಚನೆಯನ್ನು ರೋಗಿ ಪಾಲಿಸಿರಲಾರರು, ಮತ್ತೆ ತರಬೇತಿ ಕೊಡುವುದು ಒಳ್ಳೆಯದು ಎಂದು ಸೇರಿಸಿ ಸಹಿ ಹಾಕಿದೆ. ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥರು ಗಡುವಿಗೆ ಮುಂಚೆಯೇ ಫೈಲು ಮುಚ್ಚಿದ್ದಕ್ಕೆ ಮೆಚ್ಚುಗೆ ಹೇಳಿದರು. ಅವರು ಕೆಟ್ಟವರಲ್ಲ. ಮಾತು ಕಡಿಮೆ, ಲೆಕ್ಕ ಜಾಸ್ತಿ, ತಮ್ಮ ಡಬ್ಬಿಯ ಥಾಲಿಪೀಠವನ್ನು ಎಲ್ಲರಿಗೂ ಹಂಚಿ ತಿನ್ನುವ ಮನುಷ್ಯ. ಅವರ ಜಾಗದಲ್ಲಿ ನಾನಿದ್ದರೂ ಮೆಚ್ಚುತ್ತಿದ್ದೆ.

ಆಮೇಲೆ ಬೇರೆ ಬೇರೆ ಕಡೆಯಿಂದ ಮೂರು ಪೆನ್ನುಗಳು ಬಂದವು. ಫ್ರಿಜ್ಜಿನಲ್ಲಿಟ್ಟು ತೆಗೆದು ಪರೀಕ್ಷಿಸಿದೆ, ಬಿಸಿ ಪೆಟ್ಟಿಗೆಯಲ್ಲಿ ಇಟ್ಟೆ, ಮೇಜಿನ ಎತ್ತರದಿಂದ ಬೀಳಿಸಿದೆ, ಬೇಕೆಂದೇ ಧೂಳು ತುಂಬಿಸಿದೆ. ಏನೂ ಆಗಲಿಲ್ಲ. ಪೆನ್ನು ನನ್ನ ಜೊತೆ ಹಟಕ್ಕೆ ಬಿದ್ದಂತೆ ಪ್ರತಿಸಲ ಸೊನ್ನೆಯಲ್ಲೇ ಟಕ್ ಎನ್ನುತ್ತಿತ್ತು. ಬಂದ ಪೆನ್ನುಗಳೆಲ್ಲ ಸೊನ್ನೆಯಲ್ಲೇ ನಿಂತು ಬಂದಿದ್ದವು. ಅದೇ ನನಗೆ ದೊಡ್ಡ ಸಾಕ್ಷಿ. ಡೋಸ್ ಅರ್ಧಕ್ಕೆ ನಿಂತಿದ್ದರೆ ಕಿಟಕಿಯಲ್ಲಿ ಅಂಕಿ ಉಳಿಯಬೇಕಿತ್ತಲ್ಲ. ಆ ಮೂರೂ ಫೈಲುಗಳನ್ನು ಮೊದಲಿನ ವಾಕ್ಯದಿಂದಲೇ ಮುಚ್ಚಿದೆ.

ಚಳಿಗಾಲ ಶುರುವಾದಾಗ ಕಾತ್ರಜದ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದಳು. ಸಾಮಾನ್ಯವಾಗಿ ನಮ್ಮ ಜೊತೆ ರೋಗಿಯಾಗಲಿ ಕ್ಲಿನಿಕ್ಕಾಗಲಿ ನೇರ ಮಾತಾಡುವಂತಿಲ್ಲ, ಎಲ್ಲವೂ ಸಹಾಯವಾಣಿಯ ಮೂಲಕವೇ. ಅವಳು ಹೇಗೋ ನನ್ನ ನಂಬರು ಹಿಡಿದಿದ್ದಳು. ನೀವು ಕನ್ನಡದವರಂತೆ ಎಂದು ಮರಾಠಿಯಲ್ಲಿ ಕೇಳಿದಳು. ಮೊದಲು ಪೆನ್ನು ಕಳಿಸಿದ್ದೆವಲ್ಲ, ಆ ರೊಟ್ಟಿ ಮಾಡುವ ಅಜ್ಜಿಗೆ ಮರಾಠಿ ಅಷ್ಟಕ್ಕಷ್ಟೆ. ನಿಮ್ಮ ಪತ್ರ ಬಂದ ಮೇಲೆ ನಾನು ಎರಡು ಸಲ ಹೇಳಿಕೊಟ್ಟೆ, ಆಕೆ ಹತ್ತು ಎಣಿಸುತ್ತಾಳೆ, ನಾನೇ ನೋಡಿದ್ದೇನೆ. ಆದರೂ ಸಕ್ಕರೆ ಒಂದು ದಿನ ಏರುತ್ತದೆ, ಒಂದು ದಿನ ಧೊಪ್ಪನೆ ಇಳಿಯುತ್ತದೆ. ಕಳೆದ ತಿಂಗಳು ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ನಿಮ್ಮವರೊಬ್ಬರು ಬಂದು ಆಕೆಯ ಭಾಷೆಯಲ್ಲಿ ತಿಳಿಸಿ ಹೇಳಿದರೆ ಪುಣ್ಯ ಬರುತ್ತದೆ. ಇಷ್ಟನ್ನು ಅವಳು ಒಂದೇ ಉಸಿರಿಗೆ ಹೇಳಿದಳು.

ನಿಯಮ ನೆನಪಿತ್ತು, ಆದರೂ ಬರುತ್ತೇನೆ ಎಂದೆ. ಅವಳು ವಿಳಾಸ ಹೇಳಿದಳು. ಶನಿವಾರ ಬೆಳಿಗ್ಗೆ ಚಿಂಚವಾಡದಿಂದ ಬಸ್ಸು ಹತ್ತಿದೆ. ಪೇಟೆ ದಾಟುವವರೆಗೆ ನಿಂತೇ ಇದ್ದೆ. ಸೀಟು ಸಿಕ್ಕಾಗಲೂ ಕೂರಲು ಮನಸ್ಸಾಗಲಿಲ್ಲ.

ಕಾತ್ರಜದಲ್ಲಿ ಸಾತಾರಾ ಕಡೆಯ ಬಸ್ಸುಗಳು ನಿಲ್ಲುವಲ್ಲಿಂದ ಒಳಗೆ ಹೋದರೆ ತಗಡಿನ ಮನೆಗಳ ಒಂದು ಓಣಿ. ಅಲ್ಲಿ ಯಾದಗಿರಿ, ಕಲಬುರಗಿ ಕಡೆಯ ಜನ ತುಂಬಿದ್ದಾರೆ. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನರ್ಸ್ ಹೇಳಿದ ಮನೆಯ ಹೆಂಗಸರು ರೊಟ್ಟಿ ಬಡಿದು ಖಾನಾವಳಿಗಳಿಗೂ ದೂರದ ಬಸ್ಸು ಹತ್ತುವವರಿಗೂ ಮಾರುತ್ತಾರೆ. ಓಣಿಯ ತುದಿಗೇ ಬಡಿತದ ಸದ್ದು ಕೇಳುತ್ತಿತ್ತು. ಒಳಗೆ ಎರಡು ದೊಡ್ಡ ಗ್ಯಾಸ್ ಒಲೆ. ಸೊಸೆ ಹಂಚಿನ ಮುಂದೆ. ಅತ್ತೆ, ನಾನು ಹುಡುಕಿ ಬಂದ ಅಜ್ಜಿ, ಒಂದು ಕಾಲು ಚಾಚಿ, ಆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಕೂತೇ ರೊಟ್ಟಿ ಬಡಿಯುತ್ತಿದ್ದರು. ಕಾಲಿನ ತುದಿ ಇರಬೇಕಾದ್ದಕ್ಕಿಂತ ಗಿಡ್ಡವಾಗಿತ್ತು. ನಾನು ಅದನ್ನು ನೋಡದವಳಂತೆ ನಟಿಸಿದೆ.

ನಾನು ನರ್ಸ್ ಕಳಿಸಿದವಳು, ವಿಜಯಪುರದವಳು ಎಂದು ತಿಳಿದದ್ದೇ ತಡ, ಅವರ ಮುಖ ಅರಳಿತು. ಅರಳಿದ ಆ ಮುಖವನ್ನು ಎದುರಿಸಲು ನನಗೆ ಆಗಲಿಲ್ಲ. ಚಹಾ ಬಂತು, ಬಿಸಿ ರೊಟ್ಟಿ ಬಂತು, ಶೇಂಗಾ ಹಿಂಡಿ ಬಂತು. ಬ್ಯಾಡ್ರಿ ಅಂದರೂ ಕೇಳಲಿಲ್ಲ. ಕಾಲಿಗೆ ಏನಾಯಿತೆಂದು ಅವರೇ ಹೇಳಿದರು. ಒಂದು ದಿನ ತಲೆ ತಿರುಗಿ ವಾಲಿದ್ದಾರೆ, ಇಳಿಸಿಟ್ಟ ಬಿಸಿ ಹಂಚು ಕಾಲಿಗೆ ತಾಗಿದೆ. ಕಾಲು ಜೋಮು ಹಿಡಿದಿದ್ದರಿಂದ ಗೊತ್ತೇ ಆಗಿಲ್ಲ. ಸುಟ್ಟ ವಾಸನೆ ಬಂತೆಂದು ಸೊಸೆ ಓಡಿ ಬಂದಳಂತೆ. ಗಾಯ ಮಾಯಲಿಲ್ಲ. ಇದನ್ನೆಲ್ಲ ಅವರು ಹಿಟ್ಟು ನಾದುತ್ತಲೇ ಹೇಳಿದರು.

“ನಂದ ತಪ್ಪರಿ ತಾಯಿ,” ಎಂದರು. “ಕಂಪ್ನಿಯವರು ಪತ್ರ ಬರದಾರಂತ, ನನಗ ಸೂಜಿ ಹಿಡಿಲಿಕ್ಕ ಬರಂಗಿಲ್ಲಂತ.”

ಸೊಸೆ ಹಂಚಿನ ಕಡೆಯಿಂದ ಮುಖ ತಿರುಗಿಸದೆ, ದಿನಾ ಹೇಳ್ತೀನ್ರಿ, ಅವಸರ ಮಾಡ್ತಾರ, ಕೇಳಂಗಿಲ್ಲ ಎಂದಳು. ಅವಳ ದನಿಯಲ್ಲಿ ಬೇಸರವಿತ್ತು, ಹಗೆ ಇರಲಿಲ್ಲ. ನನ್ನ ಒಂದು ವಾಕ್ಯ ಈ ಮನೆಯಲ್ಲಿ ದಿನಕ್ಕೆರಡು ಸಲ ಬೈಗುಳವಾಗಿ ಬಳಕೆಯಾಗುತ್ತಿತ್ತು. ಕೈಯಲ್ಲಿದ್ದ ರೊಟ್ಟಿಯ ತುತ್ತು ಹಾಗೇ ಉಳಿಯಿತು.

ಮಧ್ಯಾಹ್ನದ ಊಟಕ್ಕೆ ಮುಂಚಿನ ಡೋಸಿನ ಹೊತ್ತಾಗಿತ್ತು. ಹೇಗೆ ಮಾಡಿಕೊಳ್ಳುತ್ತೀರೋ ಹಾಗೇ ಮಾಡಿ ತೋರಿಸಿ, ನಾನು ಇಲ್ಲವೆಂದೇ ತಿಳಿಯಿರಿ ಎಂದೆ. ಸೊಸೆ ಬಂದು ತಿರುಗಣೆಯನ್ನು ಹದಿನಾಲ್ಕಕ್ಕೆ ಹೊಂದಿಸಿ ಕೊಟ್ಟು ಹಂಚಿಗೆ ಮರಳಿದಳು. ಅತ್ತೆ ಕೈ ತೊಳೆದು ಒರೆಸಿಕೊಂಡರು. ಸೆರಗು ಸರಿಸಿ, ಎಡಗೈ ಮುಷ್ಟಿಯಲ್ಲಿ ಪೆನ್ನು ಹಿಡಿದು ಹೊಟ್ಟೆಗೆ ಚುಚ್ಚಿಕೊಂಡರು. ಆಮೇಲೆ ಬಲಗೈಯ ಅಂಗೈ ಬುಡವನ್ನು ಗುಂಡಿಯ ಮೇಲಿಟ್ಟು, ಹಿಟ್ಟನ್ನು ಮಿದಿಯುವ ಹಾಗೆ, ಓರೆಯಾಗಿ ಮುಂದಕ್ಕೆ ತಳ್ಳತೊಡಗಿದರು.

ಹೆಬ್ಬೆರಳಿನಿಂದ ಯಾಕೆ ಒತ್ತುವುದಿಲ್ಲ ಎಂದು ಕೇಳಿದೆ. ಐವತ್ತು ವರ್ಷ ಹಂಚಿನ ಮೇಲೆ ರೊಟ್ಟಿ ಹೊರಳಿಸಿ ಹೊರಳಿಸಿ ಬೆರಳು ಸತ್ತು ಹೋಗಿವೆ, ಅವುಗಳಲ್ಲಿ ಬಲವೂ ಇಲ್ಲ, ಏನು ಮುಟ್ಟಿದ್ದೇನೆಂದು ತಿಳಿಯುವುದೂ ಇಲ್ಲ, ಅಂಗೈ ಮಾತ್ರ ಇನ್ನೂ ಕೆಲಸ ಮಾಡುತ್ತದೆ ಎಂದು ನಿಧಾನವಾಗಿ ತಳ್ಳುತ್ತಲೇ ಹೇಳಿದರು. ಅಷ್ಟರಲ್ಲಿ ಟಕ್ ಎಂದಿತು. ಅವರು ಅಂಗೈಯನ್ನು ಎತ್ತಿದರು. ಸೂಜಿಯನ್ನು ಒಳಗೇ ಇಟ್ಟು, ನಿಧಾನವಾಗಿ, ತಪ್ಪದೆ ಹತ್ತು ಎಣಿಸಿದರು. ಸೂಜಿ ತೆಗೆದರು.

ನಾನು ಬಗ್ಗಿ ಕಿಟಕಿ ನೋಡಿದೆ. ಅಂಕಿ ಎರಡರ ಮೇಲೆ ನಿಂತಿತ್ತು.

ನಾನು ಎಂಟು ತಿಂಗಳು ತಿದ್ದಿ ತೀಡಿದ ಸಪ್ಪಳ, ಎರಡು ಯೂನಿಟ್ ಬಾಕಿ ಇರುವಾಗಲೇ ಮುಗೀತು ಎಂದು ಹೇಳಿತ್ತು. ಆಕೆ ಅದರ ಮಾತು ನಂಬಿ ಕೈ ತೆಗೆದಿದ್ದರು. ಅಂಗೈ ಎತ್ತಿದ ಮೇಲೆ ಹತ್ತಲ್ಲ, ಸಾವಿರ ಎಣಿಸಿದರೂ ಉಳಿದ ಔಷಧಿ ಒಳಗೆ ಹೋಗುವುದಿಲ್ಲ. ಇನ್ನೂ ನಾನು ನೋಡುತ್ತಿರುವಾಗಲೇ ಅವರು ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿದರು, ಅದು ನಿಲ್ಲುವವರೆಗೆ. ಕಿಟಕಿಯಲ್ಲಿ ಸೊನ್ನೆ ಬಂತು. ಯಾಕೆ ತಿರುಗಿಸಿದಿರಿ ಎಂದು ಕೇಳಿದೆ.

“ಗ್ಯಾಸಿನ ಮನ್ಯಾಗ ಯಾವದೂ ಅರ್ಧಾ ತಿರುವಿ ಬಿಡಬಾರದ್ರಿ,” ಎಂದರು. “ಪೂರ್ತಿ ಬಂದ್ ಮಾಡಬೇಕು.”

ಎರಡು ದೊಡ್ಡ ಒಲೆಗಳ ನಡುವೆ ಬದುಕುವವರ ಅಭ್ಯಾಸವದು. ಒಲೆಯ ಗುಂಡಿ, ಸಿಲಿಂಡರಿನ ಗುಂಡಿ, ನಲ್ಲಿ, ಪೆನ್ನು, ಎಲ್ಲವನ್ನೂ ನಿಲ್ಲುವವರೆಗೆ ತಿರುಗಿಸಿಯೇ ಇಡುತ್ತಾರೆ. ಕಣ್ಣಿಗೆ ಅಂಕಿ ಕಾಣುವುದಿಲ್ಲವಾದ್ದರಿಂದ ಏನನ್ನು ಅಳಿಸುತ್ತಿದ್ದೇನೆಂದು ಆಕೆಗೆ ಗೊತ್ತಿರಲಿಲ್ಲ. ಆ ಸೊನ್ನೆಯನ್ನೇ ನಾನು ದೊಡ್ಡ ಸಾಕ್ಷಿ ಎಂದುಕೊಂಡಿದ್ದೆ. ಉಳಿದ ಮೂರು ಪೆನ್ನುಗಳನ್ನೂ ಕಳಿಸುವ ಮುಂಚೆ ಯಾರೋ ಹೀಗೇ ತಿರುಗಿಸಿರಬೇಕು.

ಆ ದಿನ ನಾನು ಅವರಿಗೆ ನಿಜ ಹೇಳಲಿಲ್ಲ. ಪೆನ್ನು ನನಗೆ ಕೊಡಿ, ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಸೊಸೆಯಿಂದ ತುಂಬಿಸಿಕೊಂಡು ಸಿರಿಂಜು ಬಳಸಿ ಎಂದೆ. ಓಣಿಯ ತುದಿಯಿಂದಲೇ ನರ್ಸಿಗೆ ಫೋನ್ ಮಾಡಿ, ಇನ್ನು ಸಿರಿಂಜಿನಲ್ಲಿ ಪೂರ್ತಿ ಡೋಸ್ ಹೋದರೆ ಸಕ್ಕರೆ ತೀರಾ ಇಳಿಯಬಹುದು, ಇವತ್ತೇ ಡಾಕ್ಟರಿಗೆ ಹೇಳು ಎಂದು ಬೇಡಿಕೊಂಡೆ. ಅಷ್ಟು ಮಾಡಿದೆ. ಆದರೆ ತಪ್ಪು ನಿಮ್ಮದಲ್ಲ ಎಂಬ ಎರಡು ಮಾತು ಬಾಯಿಗೆ ಬರಲಿಲ್ಲ. ಇನ್ನೂ ಖಚಿತವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಖಚಿತವಾಗಿತ್ತು. ನಾನು ಹೆದರಿದ್ದೆ.

ಸೋಮವಾರ ಲ್ಯಾಬಿನಲ್ಲಿ ಹೊಸ ಪೆನ್ನೊಂದನ್ನು ಅಂಗೈಯಿಂದ ಒತ್ತಿದೆ. ಸರಿ ಬಂತು. ಮತ್ತೆ ಒತ್ತಿದೆ, ಸರಿ. ಹತ್ತನೆಯ ಸಲವೂ ಸರಿ. ಹನ್ನೊಂದನೆಯ ಸಲ ಎರಡರಲ್ಲಿ ಟಕ್. ಆಮೇಲೆ ಮತ್ತೆ ಸರಿ. ಹೊತ್ತಿಗೊಂದು ಮಾತಾಡುವ ದೋಷವನ್ನು ಯಾರಿಗೂ ತೋರಿಸಲಾಗದು. ಮುಖ್ಯಸ್ಥರನ್ನು ಕರೆದೆ. ಅವರೆದುರು ಆರು ಸಲ ಒತ್ತಿದೆ, ಆರೂ ಸಲ ಪೆನ್ನು ಸಾಧುವಿನಂತೆ ನಡೆದುಕೊಂಡಿತು. ಅವರು ತಮ್ಮ ಮೇಜಿಗೆ ಮರಳಿದರು.

ಯಂತ್ರ ಯಾವಾಗಲೂ ನೆಟ್ಟಗೆ ಒತ್ತುತ್ತದೆ. ಮನುಷ್ಯರ ಕೈ ಹಾಗಲ್ಲ. ಇಷ್ಟು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ನಮ್ಮ ವರ್ಕ್‌ಶಾಪಿನ ಮೇಸ್ತ್ರಿಯಿಂದ ಅಲ್ಯೂಮಿನಿಯಮ್ಮಿನ ಚಿಕ್ಕ ಬೆಣೆಗಳನ್ನು ಮಾಡಿಸಿ, ಪೆನ್ನಿನ ಅಡಿಗಿಟ್ಟು, ಅದನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತ ಹೋದೆ. ಎರಡು ಡಿಗ್ರಿಯಲ್ಲಿ ಏನಿಲ್ಲ. ಐದರಲ್ಲಿ ಆಗೊಮ್ಮೆ ಈಗೊಮ್ಮೆ. ಎಂಟು ಡಿಗ್ರಿಗೆ ವಾಲಿಸಿದಾಗ ಟಕ್ ಎರಡರಲ್ಲಿ ಬಂತು. ಮತ್ತೆ ಒತ್ತಿದೆ, ಎರಡರಲ್ಲಿ. ಇಪ್ಪತ್ತಕ್ಕೆ ಇಪ್ಪತ್ತೂ ಎರಡರಲ್ಲಿ.

ಪೆನ್ನನ್ನು ಉದ್ದುದ್ದ ಸೀಳಿಸಿ ನೋಡಿದೆವು. ಒಳಗಿನ ಕೊಳವೆಗೂ ಹೊರಗಿನದಕ್ಕೂ ನಡುವೆ ಕೂದಲೆಳೆಯಷ್ಟು ಜಾಗವಿತ್ತು. ಓರೆಯಾಗಿ ಒತ್ತಿದರೆ ಒಳಕೊಳವೆ ಅಷ್ಟರಲ್ಲೇ ವಾಲುತ್ತದೆ. ವಾಲಿದ ಕಡೆ ನಾಲಿಗೆ ಹಲ್ಲಿನ ಮೇಲಿಂದ ಮೊದಲೇ ಜಾರುತ್ತದೆ. ಆ ಕೂದಲೆಳೆಯ ಜಾಗವನ್ನು ಎರಡು ವರ್ಷಗಳ ಹಿಂದೆ ಹೆಚ್ಚಿಸಿದವಳು ನಾನೇ. ಕೈ ಬಿಗಿಯಾದ ಮುದುಕರಿಗೆ ತಿರುಗಣೆ ಹಗುರಾಗಲಿ ಎಂದು ವಾದ ಮಾಡಿ ಹೆಚ್ಚಿಸಿದ್ದೆ. ಯಾರ ಕೈಯನ್ನು ನೆನೆದು ಮಾಡಿದ್ದೆನೋ ಆ ಕೈಗೇ ಅದು ಮೋಸ ಮಾಡಿತ್ತು.

ಮುಖ್ಯಸ್ಥರು ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ, ಸೂಚನಾ ಹಾಳೆಯಲ್ಲಿ ಹೆಬ್ಬೆರಳಿನಿಂದ ನೆಟ್ಟಗೆ ಒತ್ತಬೇಕೆಂದೇ ಇದೆಯಲ್ಲ, ಅಂಗೈಯಿಂದ ಒತ್ತುವುದು ತಪ್ಪು ಬಳಕೆ, ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ, ಪ್ಲಾಸ್ಟಿಕ್ಕಿನ ಮುಂದಿನ ಅಚ್ಚಿನಲ್ಲಿ ಕೊಳವೆಗಳ ನಡುವಿನ ಜಾಗ ಕಡಿಮೆ ಮಾಡೋಣ ಎಂದರು. ಮಾರುಕಟ್ಟೆಯಲ್ಲಿರುವುದನ್ನು ಹಿಂದಕ್ಕೆ ಕರೆದರೆ ಜನ ಹೆದರಿ ಇನ್ಸುಲಿನ್ನನ್ನೇ ಬಿಟ್ಟಾರು, ಅದು ಇನ್ನೂ ಕೆಟ್ಟದ್ದು ಎಂಬ ಅವರ ಮಾತಿನಲ್ಲಿ ತಿರುಳಿತ್ತು. ಹಾಗೆ ಬರೆದ ಕಾಗದವನ್ನು ನನ್ನ ಸಹಿಗಾಗಿ ಮೇಜಿನ ಮೇಲಿಟ್ಟು ಹೋದರು.

ಎರಡು ದಿನ ಅದು ಅಲ್ಲೇ ಇತ್ತು. ಆ ಎರಡು ದಿನ ನನಗೆ ಎಲ್ಲೆಲ್ಲೂ ಅದೇ ಸಪ್ಪಳ. ಮೀಟಿಂಗಿನಲ್ಲಿ ಯಾರೋ ಬಾಲ್‌ಪೆನ್ ಒತ್ತಿದರೆ ಬೆಚ್ಚುತ್ತಿದ್ದೆ. ಆಟೋದ ಮೀಟರು, ಮನೆಯ ಸ್ವಿಚ್ಚು, ಕುಕ್ಕರಿನ ಮುಚ್ಚಳ, ಮಗಳ ಕಂಪಾಸ್ ಪೆಟ್ಟಿಗೆ, ಎಲ್ಲವೂ ಟಕ್ ಎಂದು ಮುಗೀತು ಅನ್ನುತ್ತಿದ್ದವು. ಮುಗಿದಿರಲಿಲ್ಲ. ಗ್ಯಾಸ್ ಆರಿಸಿದ ಮೇಲೆ ಆರಿತೇ ಎಂದು ಮೂರು ಮೂರು ಸಲ ಬಗ್ಗಿ ನೋಡುತ್ತಿದ್ದೆ. ನನ್ನ ಗಂಡ, ನಿನಗ ಏನಾಗ್ಯದ, ಬಾಗಿಲಾ ಹಾಕಿ ಹಾಕಿ ತಗೀಲಿಕತ್ತೀಯಲ್ಲ ಎಂದ. ನಾನು ಅವನ ಮೇಲೆ ಹರಿಹಾಯ್ದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅತ್ತದ್ದು ಆ ಅಜ್ಜಿಯ ಕಾಲ್ಬೆರಳಿಗಾಗಿ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಎರಡು ಯೂನಿಟ್ಟಿನಿಂದ ಬೆರಳು ಹೋಯಿತೆಂದು ಯಾವ ಡಾಕ್ಟರೂ ಹೇಳಲಾರ. ಹೋಗಲಿಲ್ಲವೆಂದೂ ಹೇಳಲಾರ. ಸಕ್ಕರೆ ಏರುತ್ತಿದೆಯೆಂದು ಡಾಕ್ಟರು ಅವರ ಡೋಸನ್ನು ಎರಡು ಸಲ ಹೆಚ್ಚಿಸಿದ್ದರು. ಪೆನ್ನು ಒಂದು ದಿನ ಕಡಿಮೆ ಹಾಕುತ್ತಿತ್ತು, ಮರುದಿನ ಕೈ ನೆಟ್ಟಗೆ ಕೂತರೆ ಹೆಚ್ಚಿಸಿದ್ದನ್ನೆಲ್ಲ ಪೂರ್ತಿ ಹಾಕುತ್ತಿತ್ತು. ತಲೆ ತಿರುಗಿದ ದಿನ ಅದು ಯಾವುದನ್ನು ಮಾಡಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಆದರೆ ಮಳೆಗಾಲದಲ್ಲೇ ನಾನು ಬಸ್ಸು ಹತ್ತಿದ್ದರೆ ಆಕೆಗೆ ಹತ್ತು ಬೆರಳಿರುವಾಗಲೇ ಆ ಕಿಟಕಿಯಲ್ಲಿ ಎರಡು ನೋಡುತ್ತಿದ್ದೆ. ಇಷ್ಟು ಮಾತ್ರ ಗೊತ್ತಿದೆ, ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಮೂರನೆಯ ದಿನ ಮುಖ್ಯಸ್ಥರು ಇಟ್ಟ ಕಾಗದವನ್ನು ಸಹಿ ಹಾಕದೆ ವಾಪಸು ಕೊಟ್ಟೆ. ಬದಲಿಗೆ ಬೇರೊಂದು ನಮೂನೆ ತುಂಬಿದೆ. ಡೋಸ್ ಮುಗಿಯುವ ಮೊದಲೇ ಮುಗಿಯಿತೆಂದು ಈ ಸಾಧನ ತಿಳಿಸುತ್ತದೆ, ಉತ್ಪಾದನೆ ನಿಲ್ಲಿಸಬೇಕು, ಹೊರಗಿರುವುದನ್ನು ವಾಪಸು ತರಿಸಬೇಕು, ಅಲ್ಲಿಯವರೆಗೆ ಸಪ್ಪಳವನ್ನು ನಂಬದೆ ಸೊನ್ನೆಯನ್ನು ಇನ್ನೊಬ್ಬರಿಂದ ನೋಡಿಸಿ ಎಂದು ಕ್ಲಿನಿಕ್ಕುಗಳಿಗೆ ತಿಳಿಸಬೇಕು ಎಂದು ಬರೆದೆ. ನಾಲ್ಕು ಫೈಲುಗಳನ್ನು ಮುಚ್ಚಿದ್ದು ನನ್ನ ತಪ್ಪು ತೀರ್ಮಾನ ಎಂದೂ ಬರೆದೆ. ಮುಖ್ಯಸ್ಥರು ಓದಿ, ಕೊನೆಯ ಸಾಲು ಬೇಕೇ ಎಂದು ಕೇಳಿದರು. ಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಅವರಿಂದ ನಾನು ಅದನ್ನು ನಿರೀಕ್ಷಿಸಿರಲಿಲ್ಲ.

ಕಾರ್ಖಾನೆಯಲ್ಲಿ ಜೋಡಣೆಯ ಸಾಲು ನಿಂತಿತು. ಅಲ್ಲಿಯ ಹೆಂಗಸರನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಕೆಲವರು ನನ್ನ ಜೊತೆ ಮಾತು ಬಿಟ್ಟರು. ಹೊಸ ವಿನ್ಯಾಸಕ್ಕೆ ಐದು ತಿಂಗಳು ಹಿಡಿಯಿತು. ನಾಲಿಗೆಯನ್ನು ಬದಿಯಿಂದ ತೆಗೆದು ನಟ್ಟನಡುವಿನ ಸರಳಿಗೆ ತಂದೆವು. ಗುಂಡಿ ತಳ ಮುಟ್ಟಿ ಕೂತ ಹೊರತು ಅದು ಜಾರುವುದಿಲ್ಲ. ಬೆಣೆಗಳ ಮೇಲೆ ಹದಿನೈದು ಡಿಗ್ರಿಯವರೆಗೆ ವಾಲಿಸಿದೆ. ಅಂಗೈಯಿಂದ, ಮುಷ್ಟಿಯಿಂದ, ಮೊಣಕೈಯಿಂದ, ಒಮ್ಮೆ ಗಲ್ಲದಿಂದಲೂ ಒತ್ತಿದೆ. ನಾನು ಗಲ್ಲ ಊರಿದ್ದನ್ನು ಕಂಡ ವರ್ಕ್‌ಶಾಪಿನ ಮೇಸ್ತ್ರಿ ಮುಖ ತಿರುಗಿಸಿ ನಕ್ಕ. ಸೊನ್ನೆ, ಸೊನ್ನೆ, ಸೊನ್ನೆ. ನಂಬಿಕೆ ಬರಲಿಲ್ಲ. ಮತ್ತೆ ಒತ್ತಿದೆ.

ಹೊಸ ಪೆನ್ನು ಹೊರಬಿದ್ದಾಗ ಹಳೆಯ ಪೆನ್ನಿದ್ದವರಿಗೆಲ್ಲ ಕಂಪನಿಯ ಪತ್ರ ಹೋಯಿತು. ಮುನ್ನೆಚ್ಚರಿಕೆಯಾಗಿ ಬದಲಾಯಿಸಿಕೊಡುತ್ತಿದ್ದೇವೆ ಎಂದಿತ್ತು. ತಪ್ಪು ಎಂಬ ಶಬ್ದ ಅದರಲ್ಲಿರಲಿಲ್ಲ. ಕಾನೂನು ಸಲಹೆಗಾರರು, ಸಿಬ್ಬಂದಿ ಯಾರೂ ರೋಗಿಗಳ ಜೊತೆ ಮಾತಾಡಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದರು. ನಾನು ಒಂದು ದಿನ ರಜೆ ಹಾಕಿ ಕಾತ್ರಜದ ಬಸ್ಸು ಹತ್ತಿದೆ.

ಅತ್ತೆ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದರು. ಹೊಸ ಪೆನ್ನು ಹಿಂದಿನ ದಿನ ಕ್ಲಿನಿಕ್ಕಿನಿಂದ ಬಂದಿತ್ತು, ಇನ್ನೂ ಬಳಸಿರಲಿಲ್ಲ. ಸೊಸೆಯನ್ನು ಹಂಚು ಇಳಿಸಿ ಹತ್ತಿರ ಬಾ ಎಂದು ಕರೆದೆ. ಅವಳೂ ಕೇಳಬೇಕಾಗಿತ್ತು, ಅವಳೇ ಮುಖ್ಯವಾಗಿ ಕೇಳಬೇಕಾಗಿತ್ತು. ದಾರಿಯುದ್ದ ಕಟ್ಟಿಕೊಂಡು ಬಂದ ಮಾತೆಲ್ಲ ಆ ಹೊತ್ತಿಗೆ ಮರೆತು ಹೋಗಿತ್ತು.

“ತಪ್ಪು ನಿಮ್ದಲ್ರಿ ಅವ್ವಾರ,” ಎಂದೆ. “ಪೆನ್ನಿಂದು. ಪೆನ್ನು ಮಾಡಿದಾಕಿ ನಾನು. ನಿಮ್ಮ ತಪ್ಪಂತ ಬರದಾಕಿನೂ ನಾನ.”

ಸೊಸೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅತ್ತೆಯ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಅವಳು ಆ ಮನೆಯಲ್ಲಿ ಎಷ್ಟು ತಿಂಗಳು ಬೈದಿದ್ದಳೋ ಅದೆಲ್ಲ ಆಗ ಅವಳ ಮುಖದ ಮೇಲೆ ಬಂದು ನಿಂತಿತ್ತು. ಅತ್ತೆ ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಾಲನ್ನು ನೀವಿಕೊಳ್ಳುತ್ತ ಕೂತರು. ಮೊದಲೇ ಹೇಳಿದ್ದರೆ ನಾನು ನನ್ನನ್ನು ಇಷ್ಟು ಬೈದುಕೊಳ್ಳುತ್ತಿರಲಿಲ್ಲ ಎಂದರು. ಹೌದು ಎಂದೆ.

ಊಟದ ಹೊತ್ತಾಗಿತ್ತು. ಸೊಸೆ ಹೊಸ ಪೆನ್ನಿನಲ್ಲಿ ಅಂಕಿ ಹೊಂದಿಸಿ, ಈ ಸಲ ಹಂಚಿನ ಕಡೆ ಹೋಗದೆ ಪಕ್ಕದಲ್ಲೇ ಕೂತಳು. ಅತ್ತೆ ಸೆರಗು ಸರಿಸಿ, ಚುಚ್ಚಿಕೊಂಡು, ಅಂಗೈ ಬುಡದಿಂದ ಓರೆಯಾಗಿ ತಳ್ಳಿದರು. ನಾನು ಕಿಟಕಿಯ ಮೇಲೆ ಬಗ್ಗಿದೆ. ಟಕ್ ಎಂದಿತು. ಕಿಟಕಿಯಲ್ಲಿ ಸೊನ್ನೆ, ನಡುಮಧ್ಯದಲ್ಲಿ, ಗೆರೆ ಎಳೆದಂತೆ. ಐದು ತಿಂಗಳ ಕೆಲಸ ಸರಿಯಾಗಿತ್ತು.

ಅವರು ಅಂಗೈ ಎತ್ತಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು, ಇಪ್ಪತ್ತು ಕಳೆಯಿತು. ಒತ್ತುವುದು ನಿಲ್ಲಲಿಲ್ಲ. ಪೆನ್ನಿನ ತುದಿಯ ಸುತ್ತ ಹೊಟ್ಟೆಯ ಚರ್ಮ ಬಿಳಿಚಿಕೊಂಡಿತ್ತು. ಸಾಕ್ರಿ ಅವ್ವಾರ, ಪೂರ್ತಿ ಹೋಗ್ಯದ ಎಂದೆ. ಸೊಸೆಯೂ ಬಗ್ಗಿ ನೋಡಿ, ಸೊನ್ನಿ ಅದರಿ ಅತ್ತಿ, ನಾ ನೋಡೀನಿ, ಬಿಡ್ರಿ ಎಂದಳು.

“ನಿಮ್ಮ ಮಾತು ಸುಳ್ಳಂತಲ್ರಿ ತಾಯಿ,” ಎಂದರು ಅತ್ತೆ, ನನ್ನ ಕಡೆ ನೋಡದೆ. “ಆವಾಗೂ ಇದು ಹಿಂಗ ಸಪ್ಪಳ ಮಾಡ್ತಿತ್ತಲ್ರಿ.”

ಸೊಸೆ ಅವರ ಬೆನ್ನ ಮೇಲೆ ಕೈಯಿಟ್ಟಳು. ಅವರು ಇನ್ನೂ ಒತ್ತಿಯೇ ಇದ್ದರು.